ಪಂಪ್ಕಿನ್ ಬಿಯರ್‌ನಲ್ಲಿ ಕುಂಬಳಕಾಯಿ ರುಚಿ ಯಾರಿಗಾದರೂ ಸಿಕ್ಕಿದೆಯಾ?

ಮಲೆನಾಡ_ಮಳೆ, ಬಾಸ್ಟನ್ ಹತ್ತಿರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಲೆಗಳ ಬಣ್ಣ ತಿರುಗಲು ಶುರುವಾಗಿದೆ, ಅಂಗಡಿಗಳಿಗೆ ಪಂಪ್ಕಿನ್ ಏಲ್‌ಗಳು (ಕುಂಬಳಕಾಯಿ ಹಾಕಿ ಮಾಡುವ ಬಿಯರ್‌ಗಳು) ಬಂದು ಕೂತಿವೆ. ಪ್ರತಿ ವರ್ಷ ನೋಡಿ ಮುಂದೆ ಹೋಗುತ್ತಿದ್ದೆ, ಈ ಸಲ ತಂದುಬಿಟ್ಟೆ. ಸದರ್ನ್ ಟಿಯರ್ ಬ್ರೂವರಿಯವರ ಪಂಪ್‌ಕಿಂಗ್. ನ್ಯೂಯಾರ್ಕ್ ರಾಜ್ಯದ ಲೇಕ್‌ವುಡ್‌ನದು, ಶೇ. 8.6 ಆಲ್ಕೋಹಾಲ್. ಮಾಮೂಲಿ ಲಾಗರ್ ಬಿಯರ್‌ಗಿಂತ ತುಂಬಾ ಜೋರು, ಹಾಗಾಗಿ ನಿಧಾನಕ್ಕೆ ಕುಡಿದೆ.

ಅನ್ನಿಸಿದ್ದನ್ನು ಹಾಗೆಯೇ ಬರೆಯುತ್ತೇನೆ. ಬಣ್ಣ ತಾಮ್ರದ್ದು. ನೊರೆ ಬೇಗ ಇಳಿಯಿತು. ಮೂಗಿಗೆ ಮೊದಲು ಬಂದದ್ದು ವೆನಿಲ್ಲಾ, ಆಮೇಲೆ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಬೇಯುವಾಗ ಬರುವ ವಾಸನೆ, ಅದರ ಹಿಂದೆ ಚಕ್ಕೆ. ಬಾಯಿಗೆ ಹಾಕಿದರೆ ಸಿಹಿ, ಗಟ್ಟಿ. ನುಂಗುವಾಗ ಜಾಯಿಕಾಯಿ ಮತ್ತು ಲವಂಗ. ಕಹಿ ಬಹಳ ಕಡಿಮೆ. ಕೊನೆಗೆ ಎದೆಯಲ್ಲಿ ಸಣ್ಣ ಬಿಸಿ ಉಳಿಯುತ್ತದೆ. ಚೆನ್ನಾಗಿತ್ತು, ಸುಮ್ನೆ ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಸಿಹಿಕುಂಬಳದ ಹುಳಿ ಮಾಡಿದಾಗ ಬರುವ ಆ ಹದವಾದ ಸಿಹಿ, ತರಕಾರಿಯ ವಾಸನೆ ಇದೆಯಲ್ಲಾ, ಅದು ಎಲ್ಲೂ ಸಿಗಲಿಲ್ಲ. ಲೇಬಲ್‌ನಲ್ಲಿ ಕುಂಬಳಕಾಯಿ ಇದೆ, ಹೆಸರಿನಲ್ಲಿ ಕುಂಬಳಕಾಯಿ ಇದೆ, ಗ್ಲಾಸಿನಲ್ಲಿ ಎಲ್ಲಿ ಹೋಯಿತು?

ಇನ್ನೊಂದು ಕಂಪನಿಯದನ್ನೂ ತಂದಿದ್ದೆ, ಹೆಸರು ಬೇಡ. ಅದು ಬರೀ ಲವಂಗ. ಎರಡು ಗುಟುಕು ಕುಡಿದು ಸಿಂಕ್‌ಗೆ ಸುರಿದೆ. ಒಂದೇ ಜಾತಿಯ ಬಿಯರ್‌ನಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಗೊತ್ತಿರುವವರು ಹೇಳಿ. ಮುಂದೆ ಯಾವುದು ತರಬೇಕು ಅನ್ನುವುದನ್ನೂ ಹೇಳಿ.

ಹಂಡೆ_ಒಲೆ, ಪೆನ್ಸಿಲ್ವೇನಿಯಾ

ಮಲೆನಾಡ_ಮಳೆ ಅವರೇ, ನಿಮ್ಮ ನಾಲಿಗೆ ಸರಿಯಾಗಿಯೇ ಹೇಳುತ್ತಿದೆ. ಕುಂಬಳಕಾಯಿ ಅದರಲ್ಲಿ ಇದೆ, ಅದರ ರುಚಿ ಉಳಿಯುವುದಿಲ್ಲ ಅಷ್ಟೆ. ನಾನು ಇಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತೇನೆ, ಅಕ್ಟೋಬರ್ ಬಂದರೆ ಪಂಪ್ಕಿನ್ ಏಲ್ ಮಾಡದೆ ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕುಂಬಳಕಾಯಿಯಲ್ಲಿ ಶೇ. 90ಕ್ಕೂ ಜಾಸ್ತಿ ನೀರು. ಉಳಿದದ್ದರಲ್ಲಿ ಸ್ವಲ್ಪ ಪಿಷ್ಟ, ಸ್ವಲ್ಪ ಸಕ್ಕರೆ, ನಾರು. ನುಚ್ಚು ಮಾಡಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಮಾಲ್ಟ್‌ನಲ್ಲಿರುವ ಎನ್‌ಜೈಮ್‌ಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಅಂದರೆ ಕುಂಬಳಕಾಯಿಯಲ್ಲಿ ನಾವು ಗುರುತಿಸುವ ಸಿಹಿಯೇ ಮೊದಲು ಖಾಲಿಯಾಗುತ್ತದೆ. ಸಿಹಿ ಹೋದ ಮೇಲೆ ಉಳಿಯುವುದು ಬಹಳ ಸಪ್ಪೆ, ಒಂಚೂರು ಮಣ್ಣಿನ ವಾಸನೆ, ಬಾಯಲ್ಲಿ ಸ್ವಲ್ಪ ದಪ್ಪ. ಮಸಾಲೆ ಹಾಕದ ಪಂಪ್ಕಿನ್ ಬಿಯರ್ ಕಣ್ಣು ಮುಚ್ಚಿ ಕುಡಿದರೆ ಕುಂಬಳಕಾಯಿ ಅಂತ ಹೇಳುವವರು ಸಿಗುವುದು ಕಷ್ಟ.

ಈ ವಿಷಯ ಮೊದಲು ಎದುರಾದದ್ದು ಬಿಲ್ ಓವೆನ್ಸ್‌ಗೆ. ಅವರು ಒಳ್ಳೆಯ ಛಾಯಾಗ್ರಾಹಕ. 1983ರಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಬಫಲೋ ಬಿಲ್ಸ್ ಅನ್ನುವ ಬ್ರೂಪಬ್ (ಅಲ್ಲೇ ಬಿಯರ್ ಮಾಡಿ ಮಾರುವ ಪಬ್) ತೆರೆದರು. ಅಮೆರಿಕದ ಮೊದಲ ಕೆಲವು ಬ್ರೂಪಬ್‌ಗಳಲ್ಲಿ ಅದೂ ಒಂದು. ಜಾರ್ಜ್ ವಾಷಿಂಗ್ಟನ್ ಕಾಲದಲ್ಲಿ ಬಿಯರ್‌ಗೆ ಕುಂಬಳಕಾಯಿ ಹಾಕುತ್ತಿದ್ದರು ಅಂತ ಓದಿ, ತಾವೇ ದೊಡ್ಡ ಕಾಯಿ ಬೆಳೆಸಿ, ಬೇಯಿಸಿ, ಮಾಲ್ಟ್‌ಗೆ ಸೇರಿಸಿದರು. ಬಿಯರ್ ತಯಾರಾಯಿತು, ಕುಂಬಳಕಾಯಿ ರುಚಿ ಬರಲಿಲ್ಲ. ಆಗ ಅಂಗಡಿಗೆ ಹೋಗಿ ಪಂಪ್ಕಿನ್ ಪೈ ಅನ್ನುವ ಸಿಹಿತಿಂಡಿಗೆ ಹಾಕುವ ಮಸಾಲೆ ಪುಡಿ ತಂದು, ಅದರ ಕಷಾಯ ಇಳಿಸಿ ಬಿಯರ್‌ಗೆ ಬೆರೆಸಿದರು. ಇದು 1980ರ ದಶಕದ ಮಧ್ಯದ ಮಾತು. ಇವತ್ತು ನಾವು ಕುಡಿಯುವ ಪಂಪ್ಕಿನ್ ಏಲ್‌ಗೆಲ್ಲ ಮೂಲ ಆ ಕಷಾಯವೇ.

ಇನ್ನೊಂದು ಗಮನಿಸಿ. ಹಳೆಯ ಕಾಲದವರು ಕುಂಬಳಕಾಯಿ ಹಾಕಿದ್ದು ರುಚಿಗಲ್ಲ. ಬ್ರಿಟನ್ನಿನಿಂದ ಬಂದು ನೆಲೆಸಿದವರಿಗೆ ಬಾರ್ಲಿ ಮಾಲ್ಟ್ ದುಬಾರಿ, ಸಿಗುವುದೂ ಕಷ್ಟ. ಹೊಲದಲ್ಲಿ ಕುಂಬಳಕಾಯಿ ರಾಶಿ ಬಿದ್ದಿತ್ತು. ಹುದುಗಲು ಏನಾದರೂ ಸಕ್ಕರೆ ಬೇಕಿತ್ತು, ಅದನ್ನೇ ಹಾಕಿದರು. ಅಮೆರಿಕನ್ ಫಿಲಾಸಫಿಕಲ್ ಸೊಸೈಟಿ ಹತ್ತಿರ 1771ರ ಒಂದು ಪಾಕವಿಧಾನ ಇದೆ, ಅದರಲ್ಲಿ ಕುಂಬಳಕಾಯಿ ಜಜ್ಜಿ ರಸ ಹಿಂಡಿ ಬಿಯರ್ ಮಾಡುವ ಕ್ರಮ ಇದೆ. ಅವರದು ಮಸಾಲೆ ಇಲ್ಲದ ಕುಂಬಳಕಾಯಿ ಬಿಯರ್. ಈಗಿನದು ಬಹುಪಾಲು ಮಸಾಲೆ ಬಿಯರ್.

ಹಾಗಾದರೆ ರುಚಿ ನೋಡುವಾಗ ಏನು ಹುಡುಕಬೇಕು? ನಾನು ಹುಡುಕುವುದು ಒಂದೇ. ಮಸಾಲೆಯ ಕೆಳಗೆ ಬಿಯರ್ ಇದೆಯಾ? ಮಾಲ್ಟ್‌ನ ಹುರಿದ ಬ್ರೆಡ್ ರುಚಿ, ಕ್ಯಾರಮೆಲ್, ಸ್ವಲ್ಪವಾದರೂ ಕಹಿ ಸಿಕ್ಕಿದರೆ ಅದು ಒಳ್ಳೆಯ ಪಂಪ್ಕಿನ್ ಏಲ್. ಬರೀ ಮಸಾಲೆಯೇ ಸಿಕ್ಕರೆ ನೀವು ಸಿಂಕ್‌ಗೆ ಸುರಿದದ್ದೇ ಸರಿ.

ಕಹಿಯೇ_ಬೇಕು, ಸಿಯಾಟಲ್

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಿಯರ್ ಅಂದರೆ ನೀರು, ಮಾಲ್ಟ್, ಹಾಪ್ಸ್ (ಕಹಿ ಕೊಡುವ ಹೂವು), ಯೀಸ್ಟ್. ಚಕ್ಕೆ ಲವಂಗ ಹಾಕಿದರೆ ಮಾಡಿದವರ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಹುದುಗು ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಇದನ್ನು ಕ್ರಾಫ್ಟ್ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಹಂಡೆ_ಒಲೆ

ನೀವು ಸಿಯಾಟಲ್‌ನಲ್ಲಿ ಕೂತು ಇದನ್ನು ಹೇಳುತ್ತಿದ್ದೀರಲ್ಲಾ! ಪಂಪ್ಕಿನ್ ಬಿಯರ್ ಹಬ್ಬಕ್ಕೆ ಹೆಸರಾದ ಊರೇ ನಿಮ್ಮದು. ಅಲ್ಲಿನ ಎಲಿಸಿಯನ್ ಬ್ರೂವರಿಯವರು 2005ರಲ್ಲಿ ಗ್ರೇಟ್ ಪಂಪ್ಕಿನ್ ಬಿಯರ್ ಫೆಸ್ಟಿವಲ್ ಶುರು ಮಾಡಿದರು. ಬೇರೆ ಬೇರೆ ಬ್ರೂವರಿಗಳ ಪಂಪ್ಕಿನ್ ಬಿಯರ್‌ಗಳು ಒಂದೇ ಕಡೆ ಸಿಗುತ್ತವೆ. ದೈತ್ಯ ಕುಂಬಳಕಾಯಿಯನ್ನು ಟೊಳ್ಳು ಮಾಡಿ, ಒಳಗೆ ಬಿಯರ್ ತುಂಬಿ, ಅದಕ್ಕೇ ನಲ್ಲಿ ಹೊಡೆದು ಕೊಡುವುದು ಅಲ್ಲಿನ ಮುಖ್ಯ ಆಕರ್ಷಣೆ. ಹೋಗಿ ಕುಡಿದು ಆಮೇಲೆ ಬೈಯಿರಿ.

ತಪ್ಪು ಮುಚ್ಚುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಬಿಜೆಸಿಪಿ ಪಟ್ಟಿಯಲ್ಲಿ ಇದಕ್ಕೆ 30ಬಿ ಅಂತ ಪ್ರತ್ಯೇಕ ವಿಭಾಗವೇ ಇದೆ, ಶರತ್ಕಾಲದ ಬಿಯರ್ ಅಂತ. ಅಲ್ಲಿ ಮಸಾಲೆ ಮತ್ತು ಬಿಯರ್ ಎರಡೂ ಹೊಂದಿಕೊಂಡಿರಬೇಕು. ಮಸಾಲೆಯ ಕೆಳಗಿನ ಬೇಸ್ ಬಿಯರ್ ಕಾಣದಿದ್ದರೆ ಅಂಕ ಹೋಗುತ್ತದೆ.

ಕಹಿಯೇ_ಬೇಕು

ಹಬ್ಬಕ್ಕೆ ಹೋಗಿದ್ದೇನೆ ಸರ್, ಗೆಳೆಯರು ಎಳೆದುಕೊಂಡು ಹೋಗಿದ್ದರು. ಕುಂಬಳಕಾಯಿಯಿಂದ ಸುರಿದದ್ದನ್ನೂ ಕುಡಿದಿದ್ದೇನೆ. ನೋಡಲು ಖುಷಿ. ಅಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಪಂಕುಚೀನೋ ಅನ್ನುವ ಬಿಯರ್ ಮಾತ್ರ, ಅದರಲ್ಲಿ ಕಾಫಿ ಇದೆ, ಕಾಫಿಯ ಕಹಿ ಇದೆ. ಆ ಕಹಿಯಿಂದಲೇ ಚಕ್ಕೆ ಒಂದು ಹದಕ್ಕೆ ಬರುತ್ತದೆ. ಉಳಿದವುಗಳಲ್ಲಿ ಸಿಹಿಯನ್ನು ತಡೆಯಲು ಏನೂ ಇಲ್ಲ, ಅದೇ ನನ್ನ ತಕರಾರು.

ಧಾರವಾಡದಾಕಿ, ಬಫಲೋ

ಸಿಹಿ ತಡೆಯಲು ಏನೂ ಇಲ್ಲ ಅಂದಿರಲ್ಲ, ಅದಕ್ಕೇ ನಾನು ಬರೆಯಬೇಕು ಅಂತ ಬಂದೆ. ಇದನ್ನು ಬರೀ ಹೊಟ್ಟೆಗೆ ಕುಡಿಯಬಾರದು ರೀ. ಜೊತೆಗೆ ಏನು ತಿನ್ನುತ್ತೀರಿ ಅನ್ನುವುದರ ಮೇಲೆ ಅರ್ಧ ರುಚಿ ನಿಂತಿದೆ.

ನಮ್ಮ ಮನೆಯಲ್ಲಿ ಕುಂಬಳಕಾಯಿ ಗಾರಿಗೆ ಮಾಡಿದಾಗ ಪಂಪ್‌ಕಿಂಗ್ ಜೊತೆ ತಿಂದು ನೋಡಿದೆವು. ಕುಂಬಳಕಾಯಿ, ಬೆಲ್ಲ, ಏಲಕ್ಕಿ, ಎಣ್ಣೆಯಲ್ಲಿ ಕರಿದದ್ದು. ಜೋಡಿ ಚೆನ್ನಾಗಿರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಚೆನ್ನಾಗಿರಲಿಲ್ಲ. ಬೆಲ್ಲದ ಸಿಹಿ ತಿಂದ ಬಾಯಿಗೆ ಬಿಯರ್ ನೀರು ನೀರಾಯಿತು, ಲವಂಗದ ಒಗರು ಮಾತ್ರ ಎದ್ದು ನಿಂತಿತು. ಸಿಹಿಯ ಮೇಲೆ ಸಿಹಿ ಬೇಡ. ಉಪ್ಪು ಬೇಕು. ವರ್ಷಗಟ್ಟಲೆ ಹಣ್ಣಾದ ಗಟ್ಟಿ ಚೆಡ್ಡರ್ ಚೀಸ್ ಒಂದು ತುಂಡು ಬಾಯಲ್ಲಿಟ್ಟು ಕುಡಿಯಿರಿ, ಅದೇ ಬಿಯರ್‌ನಲ್ಲಿ ಮಾಲ್ಟ್ ಕಾಣುತ್ತದೆ. ನಿಪ್ಪಟ್ಟು, ಉಪ್ಪು ಹಾಕಿ ಹುರಿದ ಶೇಂಗಾ ಕೂಡ ಚೆನ್ನಾಗಿ ಹೋಗುತ್ತವೆ.

ಖಾರದ ವಿಷಯದಲ್ಲಿ ಮಾತ್ರ ಹುಷಾರು. ಶೇ. 8 ದಾಟಿದ ಬಿಯರ್ ಜೊತೆ ಜಾಸ್ತಿ ಮೆಣಸಿನಕಾಯಿ ತಿಂದರೆ ಆಲ್ಕೋಹಾಲ್ ಆ ಉರಿಯನ್ನು ಇನ್ನೂ ಹೆಚ್ಚಿಸುತ್ತದೆ. ಮಿರ್ಚಿ ಭಜಿ ಜೊತೆ ಬೇಡ. ಅದಕ್ಕೆ ತೆಳ್ಳಗಿನ ಬಿಯರ್ ಇದೆ.

ಮಲೆನಾಡ_ಮಳೆ

ಧಾರವಾಡದಾಕಿ ಮೇಡಂ, ಚೆಡ್ಡರ್ ಮಾತು ಮೆಚ್ಚಿದೆ, ಇವತ್ತೇ ತರುತ್ತೇನೆ. ಹಂಡೆ_ಒಲೆ ಸರ್, ಬಿಲ್ ಓವೆನ್ಸ್ ಕಥೆ ಓದಿದ ಮೇಲೆ ಎಷ್ಟೋ ವಿಷಯ ಬಿಡಿಸಿದ ಹಾಗಾಯಿತು. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಲವಂಗ. ಆ ಬಿಯರ್ ಯಾಕೆ ಹಾಗಿತ್ತು? ಬಾಯಿ ಮರಗಟ್ಟಿದ ಹಾಗೆ ಆಗಿತ್ತು.

ಶಿರಸಿ_ತೋಟ

ನಾನು ಬಿಯರ್ ಕುಡಿಯುವುದಿಲ್ಲ, ಆದರೆ ಲವಂಗ, ಜಾಯಿಕಾಯಿ ಅಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮ ಅಡಿಕೆ ತೋಟದ ಮಧ್ಯೆ ಜಾಯಿಕಾಯಿ, ಕಾಳುಮೆಣಸು, ಏಲಕ್ಕಿ, ಚಕ್ಕೆ ಎಲ್ಲ ಇದೆ.

ಲವಂಗದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಯೂಜಿನಾಲ್. ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚುತ್ತೇವಲ್ಲ, ಮರಗಟ್ಟಿಸುವುದು ಅದೇ. ಹಲ್ಲಿನ ಡಾಕ್ಟರರ ಕೋಣೆಯ ವಾಸನೆಯೂ ಅದೇ. ಈಗ ಪಂಪ್ಕಿನ್ ಮಸಾಲೆಯಲ್ಲಿ ಏನೇನಿದೆ ನೋಡಿ. ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗ, ಜೊತೆಗೆ ಆಲ್‌ಸ್ಪೈಸ್. ಈ ಆಲ್‌ಸ್ಪೈಸ್ ಜಮೈಕಾದ ಕಡೆಯದು, ನಮ್ಮಲ್ಲಿ ಸರ್ವಸಾಂಬಾರ ಅಂತ ಗಿಡ ನೆಟ್ಟಿರುತ್ತಾರೆ, ಎಲೆಯನ್ನು ಪಲಾವಿಗೆ ಹಾಕುತ್ತೇವೆ. ಅದರಲ್ಲೂ ಮುಖ್ಯ ಯೂಜಿನಾಲ್ ಇರುವುದು. ಹಾಗಾಗಿ ಲವಂಗ ಮತ್ತು ಆಲ್‌ಸ್ಪೈಸ್ ಎರಡನ್ನೂ ಕೈಬಿಟ್ಟು ಸುರಿದರೆ ಒಂದೇ ವಸ್ತುವನ್ನು ಎರಡು ಸಲ ಹಾಕಿದಂತೆ. ಅಡುಗೆಯಲ್ಲಿ ತೆಂಗಿನಕಾಯಿ, ತುಪ್ಪ ಇರುತ್ತದೆ, ಜೋರನ್ನು ಹೀರಿಕೊಳ್ಳುತ್ತದೆ. ಬಿಯರ್‌ನಲ್ಲಿ ಕೊಬ್ಬು ಇಲ್ಲ.

ಇನ್ನೊಂದು ಕೇಳಬೇಕು. ಅವರು ಜಾಯಿಕಾಯಿಯನ್ನು ಆಗಲೇ ತುರಿದು ಹಾಕುತ್ತಾರಾ, ಇಲ್ಲ ಡಬ್ಬಿ ಪುಡಿಯಾ? ಪುಡಿ ಮಾಡಿಟ್ಟ ಜಾಯಿಕಾಯಿಯ ಘಮ ಬೇಗ ಹಾರಿಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ ಚಕ್ಕೆ ಅಂತ ಮಾರುವುದು ಬಹುಪಾಲು ಕ್ಯಾಸಿಯಾ, ಇಂಡೋನೇಷ್ಯಾ ವಿಯೆಟ್ನಾಂ ಕಡೆಯದು. ಖಾರ ಜಾಸ್ತಿ, ವಾಸನೆ ದಪ್ಪ. ಸಿಲೋನ್ ಚಕ್ಕೆ ಬೇರೆ, ತೆಳು, ಸಿಹಿ. ಇದರಿಂದಲೂ ಬಿಯರ್ ರುಚಿ ಬದಲಾಗಲೇಬೇಕು.

ಹಂಡೆ_ಒಲೆ

ಶಿರಸಿ_ತೋಟ ಅವರೇ, ಒಬ್ಬ ಬ್ರೂವರ್ ಕೂಡ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ದೊಡ್ಡ ಬ್ರೂವರಿಗಳು ಪುಡಿ ಅಥವಾ ಎಸೆನ್ಸ್ ಬಳಸುವುದೇ ಜಾಸ್ತಿ. ನಾನು ಮನೆಯಲ್ಲಿ ಇಡೀ ಜಾಯಿಕಾಯಿ ತುರಿಯುತ್ತೇನೆ.

ನನ್ನ ಅಳತೆ ಬರೆಯುತ್ತೇನೆ, ಸುಮಾರು 19 ಲೀಟರ್ ಬಿಯರ್‌ಗೆ. ಸಿಹಿಕುಂಬಳ ಎರಡರಿಂದ ಮೂರು ಕೆಜಿ, ಹೋಳು ಮಾಡಿ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಚು ಕಂದು ಬಣ್ಣಕ್ಕೆ ಬರುವವರೆಗೆ ಸುಡುವುದು. ಇದನ್ನು ಮಾಲ್ಟ್ ಜೊತೆ 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸುವುದು. ಕುಂಬಳಕಾಯಿ ಅಂಟಂಟಾಗಿ ಕೆಳಗೆ ಕಟ್ಟಿಕೊಳ್ಳುತ್ತದೆ, ರಸ ಇಳಿಯುವುದೇ ಇಲ್ಲ. ಅದಕ್ಕೆ ಭತ್ತದ ಹೊಟ್ಟು ಸೇರಿಸುತ್ತಾರೆ, ಹೊಟ್ಟಿನ ಸಂದಿಯಲ್ಲಿ ರಸ ಹರಿದು ಬರುತ್ತದೆ. ಹೊಟ್ಟಿಗೆ ರುಚಿ ಇಲ್ಲ, ಬಿಯರ್ ಕೆಡುವುದಿಲ್ಲ. ಹಾಪ್ಸ್ ಸ್ವಲ್ಪವೇ, ಕಹಿ 20 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ) ಸುತ್ತಮುತ್ತ.

ಮಸಾಲೆ ಕುದಿ ಮುಗಿಯಲು ಐದು ನಿಮಿಷ ಇರುವಾಗ. ಚಕ್ಕೆ ಪುಡಿ ಒಂದು ಚಮಚ, ಶುಂಠಿ ಅರ್ಧ, ಜಾಯಿಕಾಯಿ ಅರ್ಧ, ಲವಂಗ ಕಾಲು ಚಮಚಕ್ಕಿಂತ ಕಡಿಮೆ. ಎಲ್ಲವೂ ಟೀ ಚಮಚ. ಆಲ್‌ಸ್ಪೈಸ್ ಹಾಕುವುದಿಲ್ಲ. ಮೊದಲೇ ಹಾಕಿ ಒಂದು ಗಂಟೆ ಕುದಿಸಿದರೆ ಘಮ ಆವಿಯಾಗಿ ಹೋಗಿ ಒಗರು ಮಾತ್ರ ಉಳಿಯುತ್ತದೆ.

ಇನ್ನೂ ಭದ್ರವಾದ ದಾರಿ ಬೇಕಾದರೆ ಮಸಾಲೆಯನ್ನು ವೋಡ್ಕಾದಲ್ಲಿ ಕೆಲವು ದಿನ ನೆನೆಸಿ ಸೋಸಿಟ್ಟುಕೊಳ್ಳಿ. ಬಿಯರ್ ತಯಾರಾದ ಮೇಲೆ ಒಂದು ಗ್ಲಾಸಿಗೆ ಹನಿ ಹನಿ ಹಾಕಿ ರುಚಿ ನೋಡಿ, ಸರಿ ಅನ್ನಿಸಿದ ಲೆಕ್ಕದಲ್ಲಿ ಪೂರ್ತಿಗೆ ಹಾಕಿ. ಹಾಕಿದ ಮಸಾಲೆಯನ್ನು ವಾಪಸ್ ತೆಗೆಯಲು ಆಗುವುದಿಲ್ಲ, ಅಲ್ವಾ?

ಉಡುಪಿ_ಕಡಲು, ಡೆಟ್ರಾಯಿಟ್ ಹತ್ತಿರ

ಒಂದು ಸಂದೇಹ. ಯಾವ ಕುಂಬಳಕಾಯಿ? ಹ್ಯಾಲೋವೀನ್‌ಗೆ ಮುಖ ಕೊರೆದು ಬಾಗಿಲಲ್ಲಿ ಇಡುತ್ತಾರಲ್ಲ, ಆ ಕಿತ್ತಳೆ ಬಣ್ಣದ್ದಾ?

ಹಂಡೆ_ಒಲೆ

ಬೇಡವೇ ಬೇಡ. ಅದು ಕೊರೆಯಲಿಕ್ಕೆ ಬೆಳೆದದ್ದು, ತಿರುಳು ನಾರು ನಾರು, ನೀರು. ಇಲ್ಲಿ ಡಬ್ಬಿಯಲ್ಲಿ ಬರುವ ಲಿಬ್ಬೀಸ್ ಪಂಪ್ಕಿನ್ ಕೂಡ ಅದರಿಂದ ಮಾಡಿದ್ದಲ್ಲ. ಅದು ಡಿಕಿನ್ಸನ್ ಅನ್ನುವ ತಳಿ, ಉದ್ದುದ್ದ, ತಿಳಿ ಕಂದು ಸಿಪ್ಪೆ, ಇಲಿನಾಯ್‌ನ ಮಾರ್ಟನ್ ಊರಿನ ಸುತ್ತ ಬೆಳೆಯುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಕುಕುರ್ಬಿಟಾ ಮೊಸ್ಚಾಟಾ. ನಮ್ಮ ಊರಿನ ಸಂತೆಯಲ್ಲಿ ಹೋಳು ಮಾಡಿ ಮಾರುವ ಸಿಹಿಕುಂಬಳವೂ ಹೆಚ್ಚಾಗಿ ಇದೇ ಜಾತಿ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ಚಂದನ್ ತಳಿ ಕೂಡ ಮೊಸ್ಚಾಟಾನೇ. ನಾನು ಇಂಡಿಯನ್ ಅಂಗಡಿಯಿಂದ ಸಿಹಿಕುಂಬಳ ತಂದು ಹಾಕುತ್ತೇನೆ, ಬಣ್ಣವೂ ಚೆನ್ನಾಗಿ ಬರುತ್ತದೆ.

ನಮ್ಮ ರಾಜ್ಯದ ಹರ್ಷಿಯಲ್ಲಿ ಟ್ರೋಗ್ಸ್ ಬ್ರೂವರಿ ಇದೆ. ಅವರ ಮಾಸ್ಟರ್ ಆಫ್ ಪಂಪ್ಕಿನ್ಸ್‌ಗೆ ಉದ್ದ ಕತ್ತಿನ ಕುಂಬಳಕಾಯಿ ಹಾಕುತ್ತಾರೆ. ಕುಂಬಳಕಾಯಿಯ ಸುಳಿವು ಒಂಚೂರಾದರೂ ನನಗೆ ಸಿಕ್ಕಿದ್ದು ಅದರಲ್ಲಿ. ಮಲೆನಾಡ_ಮಳೆ ಅವರೇ, ನಿಮ್ಮ ಕಡೆ ಸಿಕ್ಕರೆ ಬಿಡಬೇಡಿ.

ನಮ್ಮೂರ_ನೊರೆ, ಬೆಂಗಳೂರು

ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಕೆಲಸ ಮಾಡುತ್ತೇನೆ. ಇದನ್ನೆಲ್ಲ ಓದುತ್ತಾ ಕೈ ತುರಿಸುತ್ತಿದೆ. ನಮ್ಮಲ್ಲಿ ಬೇಸಿಗೆಗೆ ಮಾವಿನಹಣ್ಣಿನ ಬಿಯರ್ ಬರುತ್ತದೆ, ಜನ ಕಾದು ಕುಡಿಯುತ್ತಾರೆ. ಆದರೆ ದಸರಾ ದೀಪಾವಳಿ ಹೊತ್ತಿಗೆ ನಮ್ಮದೇ ಅನ್ನುವ ಬಿಯರ್ ಇಲ್ಲ. ಸಿಹಿಕುಂಬಳ ವರ್ಷಪೂರ್ತಿ ಸಿಗುತ್ತದೆ, ಏಲಕ್ಕಿ ಸಕಲೇಶಪುರದಿಂದ ಬರುತ್ತದೆ, ಜಾಯಿಕಾಯಿ ಶಿರಸಿ_ತೋಟ ಅವರೇ ಕೊಡಬಹುದು.

ನಮ್ಮಲ್ಲಿ ಗೋಧಿ ಬಿಯರ್ ಕುಡಿಯುವವರು ಬಹಳ. ಅದರ ಮೇಲೆಯೇ ಮಾಡಿದರೆ ಹೇಗೆ ಅಂತ ಯೋಚನೆ. ನಿಮ್ಮ ಸಲಹೆ ಬೇಕು.

ಹಂಡೆ_ಒಲೆ

ಮಾಡಿ, ಖಂಡಿತ ಮಾಡಿ. ಒಂದೇ ಎಚ್ಚರಿಕೆ. ಜರ್ಮನ್ ಗೋಧಿ ಬಿಯರ್‌ನ ಯೀಸ್ಟ್ ತಾನಾಗಿಯೇ ಲವಂಗದ ವಾಸನೆ ಕೊಡುತ್ತದೆ, ಬಾಳೆಹಣ್ಣಿನ ವಾಸನೆಯನ್ನೂ ಕೊಡುತ್ತದೆ. ಅದರ ಮೇಲೆ ನೀವು ಲವಂಗ ಹಾಕಿದರೆ ಮಲೆನಾಡ_ಮಳೆ ಅವರಿಗೆ ಆದದ್ದೇ ನಿಮ್ಮ ಗಿರಾಕಿಗಳಿಗೂ ಆಗುತ್ತದೆ. ಲವಂಗ ಪೂರ್ತಿ ಬಿಡಿ. ಯೀಸ್ಟ್ ಕೊಡುವುದೇ ಸಾಕು. ಇಲ್ಲವಾದರೆ ತನ್ನ ವಾಸನೆ ಅಷ್ಟಾಗಿ ತೋರಿಸದ ಅಮೆರಿಕನ್ ಏಲ್ ಯೀಸ್ಟ್ ಬಳಸಿ, ಆಗ ಮಸಾಲೆ ನಿಮ್ಮ ಕೈಯಲ್ಲಿರುತ್ತದೆ.

ಏಲಕ್ಕಿಗೆ ಹೆದರಬೇಡಿ. ಇಲ್ಲೇ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ ವೈಯರ್‌ಬಾಕರ್‌ನವರು ಇಂಪೀರಿಯಲ್ ಪಂಪ್ಕಿನ್ ಏಲ್ ಮಾಡುತ್ತಾರೆ, ಶೇ. 8. ಚಕ್ಕೆ, ಜಾಯಿಕಾಯಿ, ಲವಂಗದ ಜೊತೆ ಏಲಕ್ಕಿಯೂ ಇದೆ. ಮೊದಲ ಸಲ ಮೂಗಿನ ಹತ್ತಿರ ತಂದಾಗ ಏಲಕ್ಕಿ ಸಿಕ್ಕಿ ನನಗೆ ತುಂಬಾ ಸಂತೋಷವಾಯಿತು. ಜೊತೆಗಿದ್ದ ಅಮೆರಿಕನ್ ಗೆಳೆಯರಿಗೆ ಅದು ಏನು ಅಂತ ಗೊತ್ತಾಗಲಿಲ್ಲ, ಏನೋ ನಿಂಬೆ ಸಿಪ್ಪೆ ಇರಬೇಕು ಅಂದರು. ನಾವು ಚಿಕ್ಕಂದಿನಿಂದ ಈ ಮಸಾಲೆಗಳನ್ನು ಬಿಡಿಬಿಡಿಯಾಗಿ ಮೂಸಿ ಬೆಳೆದವರು. ಚಕ್ಕೆ ಯಾವುದು, ಜಾಪತ್ರೆ ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತೇವೆ. ಈ ಬಿಯರ್ ರುಚಿ ನೋಡಲು ನಮಗಿಂತ ಒಳ್ಳೆಯ ಮೂಗು ಸಿಗಲಿಕ್ಕಿಲ್ಲ. ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ಮುಂದೆ ಕೂತಾಗ ಪೈನ್ ಮರದ ವಾಸನೆ, ಗ್ರೇಪ್‌ಫ್ರೂಟ್ ಅಂತ ಅವರ ಮಾತನ್ನೇ ಹೇಳುತ್ತೇವೆ, ಇಲ್ಲಿ ಹಾಗೆ ಮಾಡಬೇಕಿಲ್ಲ. ದಯವಿಟ್ಟು ಎಲ್ಲರೂ ಕುಡಿದಾಗ ಯಾವ ಮಸಾಲೆ, ಯಾವ ಕ್ರಮದಲ್ಲಿ ಸಿಕ್ಕಿತು ಅಂತ ಇಲ್ಲಿ ಬರೆಯಿರಿ.

ಧಾರವಾಡದಾಕಿ

ಹಾಗಾದರೆ ನಾನು ಬರೆಯುತ್ತೇನೆ. ಡಾಗ್‌ಫಿಶ್ ಹೆಡ್ ಬ್ರೂವರಿಯ ಪಂಕಿನ್ ಏಲ್, ಡೆಲಾವೇರ್ ರಾಜ್ಯದ್ದು, ಶೇ. 7. ಇದು ಬ್ರೌನ್ ಏಲ್ ಮೇಲೆ ಮಾಡಿದ್ದು, ಹಾಗಾಗಿ ಮೊದಲು ಬಾಯಿಗೆ ಬರುವುದು ಸುಟ್ಟ ಸಕ್ಕರೆ ಮತ್ತು ಮಾಲ್ಟ್. ಚಕ್ಕೆ ಮಧ್ಯದಲ್ಲಿ, ಜಾಯಿಕಾಯಿ ಕೊನೆಗೆ, ಆಲ್‌ಸ್ಪೈಸ್ ಮೂಗಿನಲ್ಲಿ ಸ್ವಲ್ಪ. ವೆನಿಲ್ಲಾ ಇಲ್ಲ. ಪಂಪ್‌ಕಿಂಗ್ ಸಿಹಿತಿಂಡಿ ಅನ್ನಿಸಿದರೆ ಇದು ಊಟದ ಜೊತೆ ಕುಡಿಯುವ ಬಿಯರ್. ನನಗೆ ಇದೇ ಹೆಚ್ಚು ಇಷ್ಟ, ಎರಡೂ ಪಕ್ಕಪಕ್ಕ ಇಟ್ಟರೆ ಯೋಚನೆ ಮಾಡದೆ ಇದನ್ನೇ ಎತ್ತಿಕೊಳ್ಳುತ್ತೇನೆ.

ಅದರ ಹೆಸರು ಅಲ್ಲಿನ ಪಂಕಿನ್ ಚಂಕಿನ್ ಅನ್ನುವ ಸ್ಪರ್ಧೆಯಿಂದ ಬಂದದ್ದು. ಕುಂಬಳಕಾಯಿಗಳನ್ನು ಕವಣೆ ಯಂತ್ರ, ಗಾಳಿ ಫಿರಂಗಿಯಿಂದ ಹೊಲದಾಚೆ ಎಸೆಯುವ ಆಟ. 1994ರಲ್ಲಿ ಅಲ್ಲಿನ ಅಡುಗೆ ಸ್ಪರ್ಧೆಗೆ ಈ ಬಿಯರ್ ಇಟ್ಟು ಬಹುಮಾನ ಪಡೆದರು, ಬ್ರೂವರಿ ತೆರೆದದ್ದು ಅದರ ಮುಂದಿನ ವರ್ಷ.

ಉಡುಪಿ_ಕಡಲು

ನಮ್ಮ ಮಿಶಿಗನ್‌ದೂ ಒಂದು ಸೇರಿಸಿ. ಜಾಲಿ ಪಂಪ್ಕಿನ್‌ನವರ ಲಾ ಪಾರ್ಸೆಲಾ. ಬ್ರೂವರಿ ಹೆಸರಿನಲ್ಲಿ ಪಂಪ್ಕಿನ್ ಇದ್ದರೂ ಅವರು ಮುಖ್ಯವಾಗಿ ಮಾಡುವುದು ಹುಳಿ ಬಿಯರ್. ಇದರಲ್ಲಿ ಕುಂಬಳಕಾಯಿ, ಮಸಾಲೆ, ಸ್ವಲ್ಪ ಕೋಕೋ. ಮಸಾಲೆ ಬಹಳ ಹಿಂದೆ ಇರುತ್ತದೆ, ಹುಳಿ ಮುಂದೆ. ಕಹಿಯೇ_ಬೇಕು ಅವರು ಸಿಹಿ ತಡೆಯಲು ಏನೂ ಇಲ್ಲ ಅಂದರಲ್ಲ, ಹುಳಿ ತಡೆಯುತ್ತದೆ ನೋಡಿ. ಮೇನ್ ರಾಜ್ಯದ ಆಲಗಾಶ್ ಬ್ರೂವರಿಯವರು ಗೂಲ್‌ಶಿಪ್ ಅಂತ ಒಂದು ಬಿಯರ್ ಮಾಡಿದ್ದರು. ಹ್ಯಾಲೋವೀನ್ ರಾತ್ರಿ ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಟ್ಟು, ಗಾಳಿಯಲ್ಲಿರುವ ಯೀಸ್ಟ್ ಬಂದು ಕೂರುವ ಕ್ರಮ. ಅದನ್ನು ಕುಡಿಯುವ ಆಸೆ ಇನ್ನೂ ಇದೆ.

ಕಹಿಯೇ_ಬೇಕು

ಹುಳಿ ಒಪ್ಪಿದೆ. ಲಾ ಪಾರ್ಸೆಲಾ ಹುಡುಕುತ್ತೇನೆ. ಆದರೆ ಆಗಸ್ಟ್‌ನಲ್ಲೇ ಪಂಪ್ಕಿನ್ ಬಿಯರ್ ಮಾರುವುದನ್ನು ಯಾರಾದರೂ ಸಮರ್ಥಿಸುತ್ತೀರಾ? ಬೆವರು ಸುರಿಯುವಾಗ ಯಾರಿಗೆ ಬೇಕು ಜಾಯಿಕಾಯಿ?

ಹಂಡೆ_ಒಲೆ

ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಅಂಗಡಿಯ ಶೆಲ್ಫ್‌ನಲ್ಲಿ ಮೊದಲು ಜಾಗ ಹಿಡಿದವರಿಗೆ ಮಾರಾಟ ಜಾಸ್ತಿ, ಅದಕ್ಕೆ ಒಬ್ಬರಿಗಿಂತ ಒಬ್ಬರು ಮುಂಚೆ ಬಿಡುತ್ತಾರೆ. ಇಲ್ಲಿ ಕುಂಬಳಕಾಯಿ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ ಜೋರಾಗುವುದು. ಆಗಸ್ಟ್‌ನಲ್ಲಿ ಬಾಟಲಿ ಸಿಗಬೇಕಾದರೆ ಜೂನ್, ಜುಲೈನಲ್ಲಿ ಕುದಿಸಿರಬೇಕು, ಅಂದರೆ ಅದಕ್ಕೆ ಹೋದದ್ದು ಹಿಂದಿನ ವರ್ಷದ ಡಬ್ಬಿ ಕುಂಬಳಕಾಯಿ. 2015ರ ಸುಮಾರಿಗೆ ಎಲ್ಲರೂ ಜಾಸ್ತಿ ಜಾಸ್ತಿ ಮಾಡಿ, ಮಾರಾಟವಾಗದೆ ಉಳಿದು, ಆಮೇಲೆ ಎಷ್ಟೋ ಬ್ರೂವರಿಗಳು ಕಡಿಮೆ ಮಾಡಿದವು. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು, ಈಗ ಉಳಿದಿರುವುದು ಬಹುಪಾಲು ಮನಸ್ಸಿಟ್ಟು ಮಾಡಿದ ಬಿಯರ್.

ಹೋದವುಗಳ ಬಗ್ಗೆ ಬೇಸರವೂ ಇದೆ. ಬಫಲೋ ಬಿಲ್ಸ್ 2022ರಲ್ಲಿ ಮುಚ್ಚಿತು. ಕೇಂಬ್ರಿಜ್ ಬ್ರೂಯಿಂಗ್ ಕಂಪನಿ 1989ರಲ್ಲಿ ಶುರುವಾದದ್ದು, 2024ರ ಕೊನೆಗೆ ಮುಚ್ಚಿತು. ಅವರ ಗ್ರೇಟ್ ಪಂಪ್ಕಿನ್ ಏಲ್ ನಿಮ್ಮ ಬಾಸ್ಟನ್ ಕಡೆಯವರಿಗೆ ಅಚ್ಚುಮೆಚ್ಚಾಗಿತ್ತು.

ಮಲೆನಾಡ_ಮಳೆ

ಚೆಡ್ಡರ್ ಜೊತೆ ಕುಡಿದೆ. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಗೊತ್ತಾಯಿತು. ಈ ಸಲ ಫ್ರಿಜ್‌ನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟು, ಬಾಯಿ ಸ್ವಲ್ಪ ಕಿರಿದಾದ ಗ್ಲಾಸಿಗೆ ಸುರಿದೆ. ತಣ್ಣಗಿದ್ದಾಗ ಬರೀ ವೆನಿಲ್ಲಾ, ಚಕ್ಕೆ ಇತ್ತು. ಸ್ವಲ್ಪ ಬೆಚ್ಚಗಾದ ಮೇಲೆ ಶುಂಠಿ ಬಂತು, ಜಾಯಿಕಾಯಿ ಬಿಡಿಯಾಗಿ ಸಿಕ್ಕಿತು, ಕೊನೆಯ ಗುಟುಕುಗಳಲ್ಲಿ ಹುರಿದ ಬ್ರೆಡ್ಡಿನ ರುಚಿ. ಒಂದೇ ಕ್ಯಾನ್, ಬೇರೆ ಬಿಯರ್ ಅನ್ನುವಷ್ಟು ವ್ಯತ್ಯಾಸ.

ಇಲ್ಲಿನ ಬಾರ್‌ಗಳಲ್ಲಿ ಶಿಪ್‌ಯಾರ್ಡ್ ಬ್ರೂವರಿಯ ಪಂಪ್ಕಿನ್‌ಹೆಡ್ ಬಿಯರ್ ಕೇಳಿದರೆ ಗ್ಲಾಸಿನ ಅಂಚಿಗೆ ಚಕ್ಕೆ ಸಕ್ಕರೆ ಹಚ್ಚಿ ಕೊಡುತ್ತಾರೆ. ಅದು ಬೇಕಾ?

ಹಂಡೆ_ಒಲೆ

ಬೇಡ ಅಂತ ಮೊದಲೇ ಹೇಳಿ. ಪಂಪ್ಕಿನ್‌ಹೆಡ್ ಗೋಧಿ ಸೇರಿಸಿ ಮಾಡಿದ ಹಗುರವಾದ ಬಿಯರ್, ಆ ಸಕ್ಕರೆ ನಾಲಿಗೆಗೆ ತಾಗಿದ ಮೇಲೆ ಬಿಯರ್ ಸಿಗುವುದೇ ಇಲ್ಲ. ಮೊದಲು ಅದಿಲ್ಲದೆ ಕುಡಿದು ನೋಡಿ. ಬೆಚ್ಚಗೆ ಮಾಡಿದ್ದು ಒಳ್ಳೆಯದಾಯಿತು. ಜೋರಾದ ಪಂಪ್ಕಿನ್ ಏಲ್‌ಗಳಿಗೆ 10ರಿಂದ 12 ಡಿಗ್ರಿ ಸರಿ.

ನಮ್ಮೂರ_ನೊರೆ, ಬೆಂಗಳೂರು

ನಮ್ಮ ಹೆಡ್ ಬ್ರೂವರ್ ಹತ್ತಿರ ಮಾತಾಡಿದೆ. ಸಣ್ಣ ಪ್ರಮಾಣದಲ್ಲಿ ಮಾಡಿ ನೋಡೋಣ ಅಂದಿದ್ದಾರೆ. ಸುಟ್ಟ ಸಿಹಿಕುಂಬಳ, ಏಲಕ್ಕಿ, ಜಾಯಿಕಾಯಿ, ಒಣಶುಂಠಿ. ಲವಂಗ ಇಲ್ಲ. ಬೆಲ್ಲ ಹಾಕಬೇಕಾ ಬೇಡವಾ ಅನ್ನುವ ಚರ್ಚೆ ನಡೆದಿದೆ. ಬೆಲ್ಲವನ್ನೂ ಯೀಸ್ಟ್ ತಿಂದುಬಿಡುತ್ತದೆ, ಸಿಹಿ ಉಳಿಯುವುದಿಲ್ಲ, ಆದರೆ ಅದರ ಕಬ್ಬಿನ ವಾಸನೆ ಸ್ವಲ್ಪ ಉಳಿಯುತ್ತದೆ ಅನ್ನುವುದು ನನ್ನ ವಾದ. ಶಿರಸಿ_ತೋಟ ಅವರೇ, ಇಡೀ ಜಾಯಿಕಾಯಿ ಒಂದು ಕೆಜಿ ಬೇಕು, ಖಾಸಗಿ ಸಂದೇಶ ಕಳಿಸಿದ್ದೇನೆ.

ಶಿರಸಿ_ತೋಟ

ಸಂದೇಶ ನೋಡಿದೆ. ಕಾಯಿ ಒಣಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಬರುವಂತಿರಬೇಕು, ಅಂಥದ್ದನ್ನೇ ಆರಿಸಿ ಕಳಿಸುತ್ತೇನೆ. ಚಿಪ್ಪು ಒಡೆಯದೆ ಇಡಿ, ಬೇಕಾದ ದಿನ ಒಡೆದು ತುರಿಯಿರಿ. ಜಾಪತ್ರೆಯೂ ಸ್ವಲ್ಪ ಹಾಕಿರುತ್ತೇನೆ, ಅದರ ಘಮ ಜಾಯಿಕಾಯಿಗಿಂತ ನಯ, ಒಂದು ಗ್ಲಾಸಿನಲ್ಲಿ ಪ್ರಯತ್ನ ಮಾಡಿ.

ಉಡುಪಿ_ಕಡಲು

ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಾಸ್ಟನ್‌ಗೆ ಬರುತ್ತಿದ್ದೇನೆ. ಆಗ ಇವೆಲ್ಲ ಸಿಗುತ್ತವಾ, ಇಲ್ಲ ಈಗಲೇ ತಂದಿಟ್ಟುಕೊಳ್ಳಬೇಕಾ?

ಹಂಡೆ_ಒಲೆ

ಹ್ಯಾಲೋವೀನ್ ಮುಗಿದ ಕೂಡಲೇ ಶೆಲ್ಫ್‌ಗೆ ಕ್ರಿಸ್‌ಮಸ್ ಬಿಯರ್‌ಗಳು ಬರುತ್ತವೆ. ಉಳಿದ ಪಂಪ್ಕಿನ್ ಬಿಯರ್ ರಿಯಾಯಿತಿಯಲ್ಲಿ ಸಿಗಬಹುದು, ಆದರೆ ಕ್ಯಾನ್ ತಳದಲ್ಲಿರುವ ದಿನಾಂಕ ನೋಡದೆ ತರಬೇಡಿ. ಹಳೆಯದಾದರೆ ಮೊದಲು ಹೋಗುವುದು ಜಾಯಿಕಾಯಿ ಮತ್ತು ಶುಂಠಿಯ ಘಮ. ಪಂಪ್‌ಕಿಂಗ್, ವೈಯರ್‌ಬಾಕರ್ ಜೋರಾದವು, ಈಗಲೇ ತಂದು ಫ್ರಿಜ್‌ನಲ್ಲಿಟ್ಟರೆ ಅಲ್ಲಿವರೆಗೆ ಏನೂ ಆಗುವುದಿಲ್ಲ. ಪಂಪ್ಕಿನ್‌ಹೆಡ್ ಮಾತ್ರ ಇಡಬೇಡಿ, ತಂದ ವಾರವೇ ಕುಡಿದುಬಿಡಿ.